ಬಸ್ಸಿನಲ್ಲಿ ಸವಣೂರಿಗೆ: ಬೆಳಿಗ್ಗೆ ಹೋಗಿ ಸಂಜೆಗೆ ಮರಳುವ ಬಗೆ



ಅಡಿಕೆ ಬೆಳೆಯುವ ನಮಗೂ ಎಲೆ ಬೆಳೆಯುವ ಸವಣೂರಿಗೂ ನಂಟು ಹಳೆಯದು. ಅಲ್ಲಿನ ವೀಳ್ಯದೆಲೆ ತೋಟಗಳನ್ನು ಒಮ್ಮೆ ನೋಡಿಬರಬೇಕೆಂದು ಸಂಘದ ಕಚೇರಿಗೆ ಬಂದವರು ಆಗಾಗ ಹೇಳುತ್ತಾರೆ. ಸ್ವಂತ ವಾಹನ ಇದ್ದವರ ಮಾತು ಬೇರೆ. ಎರಡು ಮೂರು ಎಕರೆಯ ತೋಟಗಾರನಿಗೆ ಬಸ್ಸೇ ಆಧಾರ. ಅಂಥವರಿಗಾಗಿ ಈ ನಾಲ್ಕು ಮಾತು.

ಮೊದಲು ನನ್ನದೇ ಒಂದು ಅನುಭವ. ಕೆಲ ವರ್ಷಗಳ ಹಿಂದೆ ಬೇಯಿಸಿದ ಅಡಿಕೆಯನ್ನು ಅಂಗಳದಲ್ಲಿ ಹರವಿ, ಸಂಜೆಗೆ ಬಂದೇ ಬರುತ್ತೇನೆಂದು ಹೊರಟೆ. ಮರಳುವ ಬಸ್ಸಿನ ವೇಳೆ ಕೇಳಿರಲಿಲ್ಲ. ನಿಲ್ದಾಣಕ್ಕೆ ಬರುವಷ್ಟರಲ್ಲಿ ಕೊನೆಯ ಬಸ್ಸು ಹೋಗಿ ಅರ್ಧ ಗಂಟೆಯಾಗಿತ್ತು. ಆ ರಾತ್ರಿ ಊರಲ್ಲಿ ಮಳೆ. ಮನೆಯಲ್ಲಿ ವಯಸ್ಸಾದ ತಾಯಿಯವರೊಬ್ಬರೇ; ತಾಡಪಾಲು ಎಳೆಯಲು ಅವರಿಂದ ಆಗಲಿಲ್ಲ. ಅಡಿಕೆ ಬೂಸು ಹಿಡಿದು ದರ ಇಳಿಯಿತು. ತಪ್ಪು ಬಸ್ಸಿನದಲ್ಲ, ನನ್ನದು.

ಆದ್ದರಿಂದ ಮೊದಲ ನಿಯಮ: ಹೋಗುವ ಬಸ್ಸಿಗಿಂತ ಮುಂಚೆ ಬರುವ ಬಸ್ಸನ್ನು ಗೊತ್ತುಮಾಡಿಕೊಳ್ಳಿ. ಸವಣೂರಿನಲ್ಲಿ ಇಳಿದ ಕೂಡಲೇ ನಿಲ್ದಾಣದ ಸಂಚಾರ ನಿಯಂತ್ರಕರನ್ನು ಕೇಳಿ, ಕೊನೆಯ ಬಸ್ಸಿನ ವೇಳೆ ಬರೆದುಕೊಳ್ಳಿ. ಆದರೆ ಅದನ್ನು ನೆಚ್ಚಬೇಡಿ; ಅದಕ್ಕೂ ಹಿಂದಿನ ಬಸ್ಸಿಗೆ ಹೊರಡಿ. ಗೋಡೆಯ ಮೇಲಿನ ವೇಳಾಪಟ್ಟಿ ಹಳೆಯದಿರಬಹುದು.

ನಮ್ಮ ಭಾಗದ ಸರಕಾರಿ ಬಸ್ಸುಗಳು ೧೯೯೭ರಲ್ಲಿ ಆರಂಭವಾದ ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯವು. ಅವುಗಳ ಓಟಕ್ಕೊಂದು ರೀತಿ ಇದೆ. ಹಳ್ಳಿಯಲ್ಲಿ ರಾತ್ರಿ ತಂಗಿದ ವಸ್ತಿ ಬಸ್ಸು ನಸುಕಿನಲ್ಲಿ ತಾಲ್ಲೂಕು ಕೇಂದ್ರಕ್ಕೆ ಹೊರಡುತ್ತದೆ. ಶಾಲೆ ಕಾಲೇಜಿನ ವೇಳೆಗೆ ಬಸ್ಸುಗಳು ಹೆಚ್ಚು, ನೂಕುನುಗ್ಗಲೂ ಹೆಚ್ಚು. ನಡು ಮಧ್ಯಾಹ್ನ ಹಳ್ಳಿ ದಾರಿಗಳಲ್ಲಿ ಬಸ್ಸು ವಿರಳ. ಆದ್ದರಿಂದ ವಸ್ತಿ ಬಸ್ಸಿಗೇ ಹೊರಟರೆ ಅರ್ಧ ದಿನ ಉಳಿದಂತೆ.

ಹಾನಗಲ್ಲಿನಿಂದ ಸವಣೂರಿಗೆ ಎರಡು ದಾರಿ: ಬಂಕಾಪುರದ ಮೇಲೆ, ಇಲ್ಲವೆ ಹಾವೇರಿಯ ಮೇಲೆ. ಮೊದಲನೆಯದು ನೇರ, ಹಾವೇರಿ ಸುತ್ತಾದರೂ ಅಲ್ಲಿ ಬಸ್ಸು ತಪ್ಪಿದರೆ ಇನ್ನೊಂದು ಸಿಗುತ್ತದೆ. ಹಿರೇಕೆರೂರಿನವರೂ ಹಾವೇರಿಗೆ ಬಂದು ಬದಲಿಸುವುದು ಲೇಸು. ಶಿಗ್ಗಾವಿಯವರಿಗೆ ಬಂಕಾಪುರವೂ ಸವಣೂರೂ ಹತ್ತಿರ. ಹತ್ತುವ ಮುನ್ನ ಫಲಕದಲ್ಲಿ ಊರಿನ ಹೆಸರನ್ನಷ್ಟೇ ಅಲ್ಲ, ಯಾವ ಮಾರ್ಗವೆಂಬುದನ್ನೂ ಓದಿ. ಕಂಡಕ್ಟರರನ್ನೂ ಒಮ್ಮೆ ಕೇಳಿ. ಹೆದ್ದಾರಿಯ ಬಸ್ಸಾದರೆ ಬಂಕಾಪುರ ಊರೊಳಗೆ ಹೋಗುವುದೋ, ಕ್ರಾಸಿನಲ್ಲೇ ಇಳಿಸುವುದೋ ಎಂದು ತಿಳಿದುಕೊಳ್ಳಿ. ಕ್ರಾಸಿನಿಂದ ಊರು ಸುಮಾರು ಎರಡೂವರೆ ಕಿಲೋಮೀಟರು.

ಚಿಲ್ಲರೆ ಜೊತೆಗಿರಲಿ. ಬಾಕಿಯನ್ನು ಟಿಕೆಟಿನ ಬೆನ್ನಿಗೆ ಬರೆದುಕೊಟ್ಟರೆ ಇಳಿಯುವ ಮೊದಲೇ ಕೇಳಿ ಪಡೆಯಿರಿ. ೨೦೨೩ರ ಜೂನ್ ೧೧ರಂದು ಜಾರಿಯಾದ ಶಕ್ತಿ ಯೋಜನೆಯಂತೆ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಹಾಗೂ ವೇಗದೂತ ಬಸ್ಸುಗಳಲ್ಲಿ ಟಿಕೆಟ್ ದರವಿಲ್ಲ. ಮನೆಯವರು ಗುರುತಿನ ಚೀಟಿ ಮರೆಯದಿರಲಿ. ಶೂನ್ಯ ದರದ ಟಿಕೆಟನ್ನೂ ಇಳಿಯುವವರೆಗೆ ಜೋಪಾನವಾಗಿಡಬೇಕು.

ವೇಳೆ ಮಿಕ್ಕರೆ ಸವಣೂರಿನ ದೊಡ್ಡಹುಣಸೆ ಕಲ್ಮಠದ ಮರಗಳನ್ನು ನೋಡಿ. ಆಫ್ರಿಕಾ ಮೂಲದ ಆ ಮೂರು ಮರಗಳಲ್ಲಿ ಒಂದು ೨೦೨೩ರ ಮಳೆಗಾಲದಲ್ಲಿ ಉರುಳಿದಾಗ ಅದನ್ನು ಮತ್ತೆ ನೆಟ್ಟು ನಿಲ್ಲಿಸಿದರು. ಮರ ಬೆಳೆಸುವ ನಮಗೆ ಅದು ನೋಡತಕ್ಕದ್ದು. ಬಂಕಾಪುರದಲ್ಲಿ ಇಳಿದರೆ ಕೋಟೆಯೊಳಗಿನ ನಗರೇಶ್ವರ ದೇವಾಲಯವಿದೆ, ನವಿಲುಗಳಿವೆ. ಆದರೆ ಒಂದೇ ದಿನಕ್ಕೆ ಎರಡೂ ಊರು ತುಂಬಿಕೊಳ್ಳಬೇಡಿ. ಪ್ರತಿ ಬದಲಾವಣೆಗೂ ಒಂದು ಗಂಟೆ ಕಾಯುವ ಲೆಕ್ಕ ಹಿಡಿಯಿರಿ. ಬಸ್ಸು ಬೇಗ ಸಿಕ್ಕರೆ ಲಾಭವೇ.

ಕೊನೆಯದಾಗಿ, ಹೊರಡುವ ದಿನ ಅಂಗಳದಲ್ಲಿ ಅಡಿಕೆ ಇದ್ದರೆ ನೆರೆಯವರಿಗೆ ಹೇಳಿ ಹೋಗಿ. ನಾನು ಹೇಳಿ ಹೋಗಲಿಲ್ಲ.

– ಕಾರ್ಯದರ್ಶಿ