ಕೇರೆ ಹಾವಿನ ಕುಸ್ತಿ

ರಜೆಯಲ್ಲಿ ಕಾಪು ಹತ್ತಿರದ ಅಜ್ಜಿ ಮನೆಗೆ ಹೋಗಿದ್ದೆ. ಬಿಸು ಹಬ್ಬ ಕಳೆದು ಎರಡು ದಿನ ಆಗಿತ್ತು. ಬೆಳಿಗ್ಗೆ ತೋಟದ ಬದಿಯಲ್ಲಿ ಒಣ ಎಲೆ ಸರಸರ ಅಂತ ಶಬ್ದ ಆಯ್ತು. ನೋಡಿದರೆ ಎರಡು ದೊಡ್ಡ ಹಾವುಗಳು ಹಗ್ಗ ಹೊಸೆದ ಹಾಗೆ ಸುತ್ತಿಕೊಂಡು ಮೇಲೆ ಏಳುತ್ತಿದ್ದವು, ದೊಪ್ಪನೆ ಬೀಳುತ್ತಿದ್ದವು, ಮತ್ತೆ ಏಳುತ್ತಿದ್ದವು.

ನಾನು ಕೂಗಿದ್ದಕ್ಕೆ ಎಲ್ಲರೂ ಓಡಿ ಬಂದರು. ಕೆಲಸಕ್ಕೆ ಬಂದವರೊಬ್ಬರು "ಕೇರೆ ಅಲ್ವಾ" ಎಂದು ದೊಣ್ಣೆ ಎತ್ತಿದರು. ಅಜ್ಜಿ ಬಿಡಲಿಲ್ಲ. "ಬೇಡ ಮಾರಾಯಾ, ಒಂದು ಕೇರೆ, ಇನ್ನೊಂದು ನಾಗ. ಜೋಡಿ ಆಗಿರುವಾಗ ಮುಟ್ಟಬಾರದು" ಎಂದರು. ದೊಣ್ಣೆ ಕೆಳಗೆ ಇಳಿಯಿತು. ಬಿಳಿ ಬಟ್ಟೆ ಹೊದಿಸಿದರೆ ಅದೃಷ್ಟ ಬರ್ತದೆ ಅಂತ ಮಾವ ಪಂಚೆ ತಂದರು. ಆದರೆ ಹತ್ತಿರ ಹೋಗಲು ಅವರಿಗೇ ಧೈರ್ಯ ಬರಲಿಲ್ಲ!

ಶಾಲೆ ಶುರುವಾದ ಮೇಲೆ ವಿಜ್ಞಾನದ ಸರ್ ಹತ್ರ ಕೇಳಿದೆ. ಅವರು ನಕ್ಕು, "ಎರಡೂ ಕೇರೆ, ಎರಡೂ ಗಂಡು. ನೀನು ನೋಡಿದ್ದು ಮದುವೆ ಅಲ್ಲ, ಕುಸ್ತಿ" ಎಂದರು.

ವಿಷಯ ಹೀಗೆ. ಈ ಕಾಲದಲ್ಲಿ ಹೆಣ್ಣು ಹಾವು ಹೋದ ದಾರಿಯಲ್ಲಿ ಒಂದು ವಾಸನೆ ಉಳಿಯುತ್ತದೆ. ಗಂಡು ನಾಲಿಗೆ ಚಾಚಿ ಅದನ್ನು ಹಿಡಿದು ಹಿಂಬಾಲಿಸುತ್ತದೆ. ಇನ್ನೊಂದು ಗಂಡು ಎದುರಾದರೆ ಇಬ್ಬರಿಗೂ ಕುಸ್ತಿ. ಮೈ ಸುತ್ತಿ, ತಲೆ ಎತ್ತಿ, ಎದುರಾಳಿಯ ತಲೆಯನ್ನು ನೆಲಕ್ಕೆ ಒತ್ತಬೇಕು. ಸೋತದ್ದು ಹೊರಟು ಹೋಗುತ್ತದೆ. ನಿಜವಾದ ಮಿಲನದಲ್ಲಿ ಇಷ್ಟು ಗಲಾಟೆ ಇಲ್ಲ. ಹಾವುಗಳು ನೆಲದಲ್ಲೇ ಮಲಗಿ, ಬಾಲದ ಕಡೆ ಸೇರಿಸಿಕೊಂಡು, ಬಹಳ ಹೊತ್ತು ಸುಮ್ಮನೆ ಇರುತ್ತವೆ. ಅದು ನಮ್ಮ ಕಣ್ಣಿಗೆ ಬೀಳುವುದೇ ಕಡಿಮೆ.

ಕೇರೆಗೆ ವಿಷ ಇಲ್ಲ, ಗದ್ದೆಯ ಇಲಿ ತಿನ್ನುತ್ತದೆ. ನಾಗರ ಹಾವು ಬೇರೆಯೇ ಜಾತಿ. ಅದು ಕೇರೆಯನ್ನು ತಿನ್ನುವುದೂ ಉಂಟು, ಮತ್ತೆ ಮದುವೆ ಎಲ್ಲಿಂದ! ಆದರೂ ಆ ದಿನ ಎರಡು ಕೇರೆಗಳ ಜೀವ ಉಳಿದದ್ದು ಅಜ್ಜಿಯ ಆ ತಪ್ಪು ಮಾತಿನಿಂದಲೇ. ನಮ್ಮಲ್ಲಿ ನಾಗನಿಗೆ ಬನ ಇದೆ, ನಾಗಮಂಡಲ ಇದೆ. ಪಾಪ, ಕೇರೆಗೆ ಏನೂ ಇಲ್ಲ. 1972ರ ವನ್ಯಜೀವಿ ಕಾಯ್ದೆ ಮಾತ್ರ ಇದೆ, ಅದು ತೋಟದಲ್ಲಿ ಯಾರಿಗೂ ನೆನಪಾಗಲಿಲ್ಲ.

ಕಾಳಿಂಗ ಸರ್ಪದ ಗಂಡುಗಳೂ ಹೀಗೇ ಕುಸ್ತಿ ಆಡುತ್ತವೆ. ಆಗುಂಬೆ ಕಾಡಿನಲ್ಲಿ ಮಾರ್ಚ್‌ನಿಂದ ಮೇವರೆಗೆ ಅದರ ಕಾಲ. ಅದರ ಹೆಣ್ಣು ತರಗೆಲೆ ಒಟ್ಟುಮಾಡಿ ಗೂಡು ಕಟ್ಟಿ ಮೊಟ್ಟೆ ಇಡುತ್ತದೆ! ಪಶ್ಚಿಮ ಘಟ್ಟದ ಕಾಳಿಂಗ ಬೇರೆಯೇ ಪ್ರಭೇದ ಎಂದು 2024ರಲ್ಲಿ ವಿಜ್ಞಾನಿಗಳು ಹೇಳಿದ್ದಾರೆ. ಅದಕ್ಕೆ ಇಟ್ಟ ಹೆಸರಿನಲ್ಲೂ ನಮ್ಮ "ಕಾಳಿಂಗ" ಇದೆ.

ಅಜ್ಜಿಗೆ ಇದನ್ನೆಲ್ಲ ಹೇಳಿದೆ. "ಆಗ್ಲಿ, ಆದ್ರೆ ಆ ಕೆಲಸದವನಿಗೆ ಹೇಳ್ಬೇಡ" ಎಂದರು.

ನೀವೂ ಇಂಥದ್ದನ್ನು ನೋಡಿದ್ದರೆ, ಎಲ್ಲಿ, ಯಾವ ತಿಂಗಳು, ಎಷ್ಟು ಹೊತ್ತು ಎಂದು ಚೀಟಿಯಲ್ಲಿ ಬರೆದು ನನಗೆ ಕೊಡಿ. ಮುಂದಿನ ಸಂಚಿಕೆಯಲ್ಲಿ ಹಾಕುತ್ತೇನೆ.

– 9ನೇ ತರಗತಿ