ಕಾರ್ತಿಕದ ಗಾಡಿಗಾಲಿ

ಈಸೂರಿನ ಹಿತ್ತಿಲೊಂದರಲ್ಲಿ ಗೋಡೆಗೊರಗಿದ ಗಾಡಿಗಾಲಿ. ಎತ್ತಿಲ್ಲ, ಮೂಕಿಯಿಲ್ಲ, ಗುಂಬ, ಅರೆಗಳು, ತುಕ್ಕು ಹಿಡಿದ ಹಳಿ ಮಾತ್ರ ಉಳಿದಿವೆ. ಕಾರ್ತಿಕದ ರಾತ್ರಿ, ಒಂಬತ್ತರ ಹೊತ್ತು. ದಕ್ಷಿಣಕ್ಕೆ, ತೆನೆ ಬಾಗಿದ ಗದ್ದೆಗಳ ಮೇಲೆ ಡಿಫ್ಡಾ ನಕ್ಷತ್ರ ಒಂಟಿಯಾಗಿ ಹೊಳೆಯುತ್ತಿದೆ. ಅಲ್ಲಿಂದ ಒಂದು ಗೇಣಿನಷ್ಟು ಕೆಳಗೆ ಶಿಲ್ಪಿ ನಕ್ಷತ್ರಪುಂಜ. ಬರಿಗಣ್ಣಿಗೆ ಅಲ್ಲಿ ಕತ್ತಲೆಯೇ. ಆ ಕತ್ತಲೊಳಗೆ, ಸುಮಾರು 50 ಕೋಟಿ ಜ್ಯೋತಿರ್ವರ್ಷಗಳ ಆಚೆ, ಇನ್ನೊಂದು ಗಾಡಿಗಾಲಿಯಿದೆ: ಕಾರ್ಟ್‌ವೀಲ್ ಗೆಲಾಕ್ಸಿ.

ಅದನ್ನು ಖಗೋಳವಿಜ್ಞಾನಿ ಫ್ರಿಟ್ಜ್ ಜ್ವಿಕಿ ಗುರುತಿಸಿದ್ದು 1941ರಲ್ಲಿ. ಈ ಊರಿನವರಿಗೆ ಆ ಕಾಲ ನೆನಪಿಡುವುದು ಸುಲಭ. ಮರುವರ್ಷವೇ ವೀರಭದ್ರೇಶ್ವರ ಗುಡಿಯ ಮೇಲೆ ಬಾವುಟವೇರಿತು, ಈಸೂರು ತಾನು ಸ್ವತಂತ್ರ ಎಂದು ಸಾರಿತು.

ಮೊದಲು ಕಾರ್ಟ್‌ವೀಲ್ ಸಾಮಾನ್ಯ ತಟ್ಟೆಯಾಕಾರದ ಗೆಲಾಕ್ಸಿಯೇ ಆಗಿತ್ತು. ಚಿಕ್ಕದೊಂದು ಗೆಲಾಕ್ಸಿ ಬಂದು ಅದರ ನಡುವನ್ನೇ ತೂರಿಕೊಂಡು ಹೋಯಿತು. ಡಿಕ್ಕಿ ಎನ್ನುತ್ತೇವೆ, ಆದರೆ ನಕ್ಷತ್ರಕ್ಕೆ ನಕ್ಷತ್ರ ತಾಗುವುದೇ ಇಲ್ಲವೆನ್ನಬಹುದು. ನಡುವಣ ಬಯಲು ಅಷ್ಟು ದೊಡ್ಡದು. ತಾಗುವುದು ಗುರುತ್ವ. ಬಂದ ಅತಿಥಿಯ ಭಾರಕ್ಕೆ ತಟ್ಟೆಯ ನಕ್ಷತ್ರಗಳೆಲ್ಲ ಒಳಕ್ಕೆ ಸೆಳೆಯಲ್ಪಟ್ಟವು. ಅತಿಥಿ ದಾಟಿಹೋದ. ಸೆಳೆತ ಸಡಿಲಿದ್ದೇ ಅವು ಹೊರಕ್ಕೆ ಚಿಮ್ಮಿದವು. ಒಳಗಿನವು ಮೊದಲು, ಹೊರಗಿನವು ಆಮೇಲೆ. ಹೀಗೆ ಹಿಂದುಮುಂದಾಗಿ ತೂಗಿದ ನಕ್ಷತ್ರಗಳು ಎಲ್ಲಿ ಒತ್ತೊತ್ತಾದವೋ ಅಲ್ಲೇ ಉಂಗುರ. ಎದುರಿನ ಗದ್ದೆಯಲ್ಲಿ ಗಾಳಿ ಬೀಸಿದಾಗ ಬಾಗುವುದು ಅಲ್ಲಲ್ಲಿನ ಪೈರು, ಓಡುವುದು ಅಲೆ. ಈ ಉಂಗುರವೂ ಅಂಥದೇ ಓಟ. ಈಗ ಅದರ ಅಗಲ ಸುಮಾರು ಒಂದೂವರೆ ಲಕ್ಷ ಜ್ಯೋತಿರ್ವರ್ಷ.

ಅಲೆ ಹಾದಲ್ಲೆಲ್ಲ ಅನಿಲ ಹಿಂಡಿಕೊಂಡು ಹೊಸ ನಕ್ಷತ್ರಗಳು ಹುಟ್ಟುತ್ತವೆ. ಗಾಲಿಗೆ ಹಳಿ ಏರಿಸುವಾಗ ಬೆರಣಿಯ ಬೆಂಕಿಯಲ್ಲಿ ಕಬ್ಬಿಣ ಕೆಂಪಗೆ ಕಾಯುತ್ತದಲ್ಲ, ಈ ಹಳಿ ಕಾದಿರುವುದು ನೀಲಿಯಾಗಿ. ಕೆಂಪಿಗಿಂತ ನೀಲಿಯ ಕಾವು ಎಷ್ಟೋ ಹೆಚ್ಚು. ಎಳೆಯ, ದೈತ್ಯ ನಕ್ಷತ್ರಗಳ ಬಣ್ಣವದು.

ಅರೆಗಳೂ ಇವೆ. ಖಗೋಳವಿಜ್ಞಾನಿ ವೈ.ಡಿ. ಮಯ್ಯ ಮತ್ತು ಸಂಗಡಿಗರು ರೇಡಿಯೊ ಅಲೆಗಳಲ್ಲೂ ಅರೆಗಳನ್ನು ಕಂಡು 2005ರಲ್ಲಿ ಪ್ರಕಟಿಸಿದರು. 2022ರಲ್ಲಿ ಜೇಮ್ಸ್ ವೆಬ್ ದೂರದರ್ಶಕ ತೆಗೆದ ಚಿತ್ರದಲ್ಲಿ ಅವು ದೂಳಿನ ಎಳೆಗಳಾಗಿ ತೋರಿವೆ, ಪಕ್ಕದಲ್ಲಿ ಎರಡು ಪುಟ್ಟ ಗೆಲಾಕ್ಸಿಗಳೂ ಇವೆ. ತೂರಿಹೋದವನಾರು? ಅನಿಲದ ಉದ್ದನೆಯ ಎಳೆಯೊಂದು ಇವೆರಡನ್ನೂ ಬಿಟ್ಟು, ದೂರದ ಮೂರನೆಯದರತ್ತ ಚಾಚಿದೆ. ನನ್ನ ಅನುಮಾನವೂ ಅತ್ತಲೇ.

ಉಂಗುರ ನಿಲ್ಲುವಂಥದ್ದಲ್ಲ; ಹಿಗ್ಗುತ್ತ ಹಿಗ್ಗುತ್ತ ತೆಳುವಾಗಿ ಚದುರುತ್ತದೆ. ಈ ರಾತ್ರಿ ಈಸೂರಿನ ಗದ್ದೆಗಳ ಮೇಲೆ ಇಳಿಯುತ್ತಿರುವ ಅದರ ಬೆಳಕು ಹೊರಟಾಗ ನೆಲದ ಮೇಲೆ ಇನ್ನೂ ಹುಲ್ಲು ಹುಟ್ಟಿರಲಿಲ್ಲ.