ಅಯಸ್ಕಾಂತ ಡ್ರಿಲ್ಲಿನ ಸುರಕ್ಷಿತ ಬಳಕೆ

ನೇಗಿಲ ಚೌಕಟ್ಟು, ಟ್ರೇಲರ್ ಮುಂತಾದವುಗಳ ದಪ್ಪ ಉಕ್ಕಿನಲ್ಲಿ, ಭಾಗಗಳನ್ನು ಬಿಚ್ಚದೆ ಇದ್ದಲ್ಲಿಯೇ ತೂತು ಕೊರೆಯಲು ಅಯಸ್ಕಾಂತ ಡ್ರಿಲ್ ಅನುಕೂಲಕರ. ಇದರ ಬುಡದಲ್ಲಿರುವ ವಿದ್ಯುತ್ ಅಯಸ್ಕಾಂತವು ಯಂತ್ರವನ್ನು ಉಕ್ಕಿಗೆ ಬಿಗಿಯಾಗಿ ಹಿಡಿದಿಡುತ್ತದೆ. ಆದರೆ ವಿದ್ಯುತ್ ನಿಂತೊಡನೆ ಈ ಹಿಡಿತವೂ ಹೋಗಿ ಯಂತ್ರ ಕೆಳಗೆ ಬೀಳಬಹುದು. ಆದುದರಿಂದ ಪ್ರತಿ ಸಲವೂ ಸುರಕ್ಷಾ ಸರಪಳಿಯನ್ನು ಉಕ್ಕಿಗೆ ಸುತ್ತಿ ಬಿಗಿಯಬೇಕು. ವಿದ್ಯುತ್ ಆಗಾಗ ಕೈಕೊಡುವ ಹಳ್ಳಿಗಳಲ್ಲಿ ಇದು ಅತ್ಯಗತ್ಯ.

ಬಣ್ಣ, ತುಕ್ಕು, ಲೋಹದ ಚೂರುಗಳಿದ್ದರೆ ಹಿಡಿತ ಸಡಿಲಾಗುತ್ತದೆ. ಮೊದಲು ಜಾಗವನ್ನೂ ಬುಡವನ್ನೂ ಚೊಕ್ಕಟ ಮಾಡಬೇಕು. ಸುಮಾರು 10 ಮಿ.ಮೀ.ಗಿಂತ ತೆಳುವಾದ ತಗಡಾದರೆ ಅದರ ಅಡಿಯಲ್ಲಿ ದಪ್ಪ ಉಕ್ಕಿನ ಹಲಗೆ ಇಡಬೇಕು. ಅಲ್ಯುಮಿನಿಯಮ್ಮಿಗೆ ಅಯಸ್ಕಾಂತ ಅಂಟುವುದೇ ಇಲ್ಲ. ಅದೇ ಉಕ್ಕಿಗೆ ವೆಲ್ಡಿಂಗ್ ನಡೆಯುತ್ತಿರುವಾಗ ಡ್ರಿಲ್ ನಡೆಸಬಾರದು.

ಕೊರೆಯುವಾಗ ರಕ್ಷಣಾ ಕನ್ನಡಕ ಧರಿಸಬೇಕು. ಕೈಗವಸು, ಹೆಗಲ ಮೇಲಿನ ಟವೆಲು, ಸಡಿಲ ಬಟ್ಟೆ ಸುತ್ತಿಕೊಳ್ಳುವ ಅಪಾಯವಿದೆ. ಸುರುಳಿ ಚೂರುಗಳನ್ನು ಯಂತ್ರ ನಿಲ್ಲಿಸಿದ ಮೇಲೆ ಬ್ರಷ್ಷಿನಿಂದ ತೆಗೆಯಬೇಕು. ತೂತಿನಿಂದ ಉದುರುವ ಬಿಲ್ಲೆ ಬಹಳ ಬಿಸಿ. ಕೆಳಗೆ ಯಾರೂ ನಿಲ್ಲಬಾರದು. ಯಂತ್ರವನ್ನು ಇಳಿಸಿ, ಪ್ಲಗ್ ಕಳಚಿದ ನಂತರವೇ ಕಟರ್ ಬದಲಿಸಬೇಕು.

ಕೆಲಸ ಮುಗಿದ ಬಳಿಕ ಬುಡವನ್ನು ಒರೆಸಿ, ಜಾರುವ ಭಾಗಗಳಿಗೆ ಎಣ್ಣೆ ಹಚ್ಚಿ, ಒಣ ಸ್ಥಳದಲ್ಲಿಡಬೇಕು. ವೈರು, ಅರ್ಥಿಂಗ್, ಕಾರ್ಬನ್ ಬ್ರಷ್, ಸರಪಳಿಗಳನ್ನು ಆಗಾಗ ಪರೀಕ್ಷಿಸಬೇಕು. ಮೊಂಡಾದ ಕಟರನ್ನು ಬಲವಾಗಿ ಒತ್ತಿದರೆ ಬುಡ ಕಿತ್ತು ಬರಬಹುದು. ಸಕಾಲದಲ್ಲಿ ಅದನ್ನು ಹರಿತಗೊಳಿಸುವುದು ಒಳ್ಳೆಯದು.